ಸೋಮವಾರದ ರಬ್ಬರು

ನಮ್ಮ ಸೋದರಮಾವ ಯಾರ ಮನೆಗೆ ಹೋದರೂ ಮೊದಲು ನೋಡುತ್ತಿದ್ದುದು ಮನೆಯವರ ಮುಖವನ್ನಲ್ಲ, ಅವರು ನೀರು ತಂದುಕೊಟ್ಟ ಹಿತ್ತಾಳೆ ಚೊಂಬನ್ನು! ನೀರು ಕುಡಿಯುವುದಕ್ಕೂ ಮುಂಚೆ ಚೊಂಬನ್ನು ಬೆಳಕಿಗೆ ಹಿಡಿದು ತಿರುಗಿಸಿ, ಬುಡವನ್ನು ಉಗುರಿನಿಂದ ಕೆರೆದು, ಒಂದು ಸಲ ಮೂಸಿ, ಆಮೇಲೆ "ಹೂಂ" ಅನ್ನುತ್ತಿದ್ದರು. ಹೊಸಬರು ಇವರನ್ನು ಪಾತ್ರೆ ವ್ಯಾಪಾರಿ ಅಂದುಕೊಳ್ಳುತ್ತಿದ್ದರು. ಅನುಮಾನದ ಸ್ವಭಾವದವರು, ಮಾವ ಎದ್ದು ಹೋದ ಮೇಲೆ ಅಡುಗೆಮನೆಯ ಪಾತ್ರೆಗಳನ್ನು ಎಣಿಸಿ ನೋಡುತ್ತಿದ್ದರಂತೆ. ಪಿರಿಯಾಪಟ್ಟಣದಿಂದ ನನಗೊಂದು ಸಂಬಂಧ ಬಂದಾಗ ನಮ್ಮ ಕಡೆಯವರೆಲ್ಲ ಹುಡುಗನ ಮನೆ ನೋಡಲು ಹೋದರು. ಅಪ್ಪ ಹೊಲ ನೋಡಿದರು, ದೊಡ್ಡಪ್ಪ ಕೊಟ್ಟಿಗೆ ನೋಡಿದರು, ಅಮ್ಮ ಹುಡುಗನ ತಾಯಿಯ ನಾಲಿಗೆ ಎಷ್ಟು ಉದ್ದ ಎಂದು ಅಂದಾಜು ಮಾಡಿದರು. ಮಾವ ಚೊಂಬು ನೋಡಿದರು. ಹೊರಗೆ ಬಂದ ಮೇಲೆ ಅಮ್ಮ, ಹೆಂಗೈತಪ್ಪ ಮನೆ ಎಂದು ತಮ್ಮನನ್ನು ಕೇಳಿದರೆ ಮಾವ ಬಹಳ ಗಂಭೀರವಾಗಿ ಹೇಳಿದರು:

"ಬ್ಯಾಡ ಕಣಕ್ಕ. ಆ ಮನೆ ಚೊಂಬಿಗೆ ರಬ್ಬರು ಇಡಿಯಾಕಿಲ್ಲ."

ನೀವು ನಗುತ್ತೀರಿ, ನಗಿ. ಅಮ್ಮ ನಗಲಿಲ್ಲ, ಹುಣಸೂರು ಬರುವವರೆಗೂ ಬಸ್ಸಿನಲ್ಲಿ ತಮ್ಮನ ಕಡೆ ತಿರುಗಿ ಕೂಡ ನೋಡಲಿಲ್ಲವಂತೆ. ಆ ಸಂಬಂಧ ಅಲ್ಲಿಗೇ ನಿಂತಿತು. ನನಗಂತೂ ಒಳಗೊಳಗೇ ಸಂತೋಷವಾಯಿತು, ಏಕೆಂದರೆ ನನ್ನನ್ನು ನೋಡಲು ಬಂದಾಗಲೇ ಹುಡುಗನ ಮೀಸೆ ನನಗೆ ಹಿಡಿಸಿರಲಿಲ್ಲ. ಆದರೆ ಚೊಂಬಿಗೂ ರಬ್ಬರಿಗೂ ನನ್ನ ಮದುವೆಗೂ ಏನು ನಂಟು? ಬುದ್ಧಿ ನೆಟ್ಟಗಿರುವ ಮನುಷ್ಯ ಆಡುವ ಮಾತೇ ಇದು? ಆಡಬಹುದು, ಹೇಳುತ್ತೇನೆ ಕೇಳಿ. ಅದಕ್ಕೆ ಮೂರು ವರ್ಷ ಹಿಂದಕ್ಕೆ ಹೋಗಬೇಕು.

ಐವತ್ತರ ದಶಕದ ನಡುವಿನ ಮಾತು. ನಾನು ಟ್ರೈನಿಂಗ್ ಮುಗಿಸಿ ಹುಣಸೂರಿನ ಹೆಣ್ಣುಮಕ್ಕಳ ಪ್ರೈಮರಿ ಶಾಲೆಗೆ ಮೇಷ್ಟ್ರಮ್ಮನಾಗಿ ಬಂದೆ. ಸೋದರಮಾವ ಅಲ್ಲೇ ಇರುವಾಗ ಬೇರೆ ಬಿಡಾರ ಯಾಕೆ ಎಂದು ಅವರ ಮನೆಯಲ್ಲೇ ಉಳಿದೆ. ಬಸ್ ಸ್ಟ್ಯಾಂಡಿನ ಹಿಂದಿನ ಬೀದಿಯಲ್ಲಿ, ಮುಂದುಗಡೆ ಅಂಗಡಿ, ಹಿಂದುಗಡೆ ಮನೆ. ಅಂಗಡಿಗೆ ಬೋರ್ಡು ಇತ್ತು, ಅದರಲ್ಲಿ ವಲ್ಕನೈಸಿಂಗ್ ಎಂಬ ಮಾತೂ ಇತ್ತು, ಆದರೆ ಹುಣಸೂರಿನಲ್ಲಿ ಯಾರೂ ಆ ಮಾತಿನ ಗೊಡವೆಗೆ ಹೋಗುತ್ತಿರಲಿಲ್ಲ. ಎಲ್ಲರ ಬಾಯಲ್ಲೂ ಅದು "ಟೈರು ಬೇಯ್ಸೋ ಅಂಗಡಿ". ನಮ್ಮ ತಾತನ ಕಾಲದಿಂದ ಮನೆತನದ್ದು ಬೆಲ್ಲ ಕೊಬ್ಬರಿ ವ್ಯಾಪಾರ. ಯುದ್ಧದ ವರ್ಷಗಳಲ್ಲಿ ಮಾವ ಮನೆ ಬಿಟ್ಟು ಓಡಿಹೋಗಿ ಮಿಲಿಟರಿ ಲಾರಿಗಳ ವರ್ಕ್‌ಶಾಪಿನಲ್ಲಿ ಸೇರಿಕೊಂಡು, ವಾಪಸು ಬರುವಾಗ ಈ ವಿದ್ಯೆ ತಂದರು. ಹಣೆತುಂಬ ವಿಭೂತಿ, ಕೊರಳಲ್ಲಿ ಲಿಂಗ, ಮೈತುಂಬ ರಬ್ಬರಿನ ವಾಸನೆ! ಅವರ ಪಕ್ಕ ಕುಳಿತು ಉಂಡರೆ ನಮ್ಮ ಸಾರಿಗೂ ಅದೇ ವಾಸನೆ ಬರುತ್ತಿತ್ತು.

ಕೆಲಸ ಹೀಗೆ: ಟೈರಿಗೆ ಆದ ಗಾಯಕ್ಕೆ ಹಸಿ ರಬ್ಬರು ತುಂಬಿ, ಕಬ್ಬಿಣದ ಅಚ್ಚಿನಲ್ಲಿಟ್ಟು ತಿರುಪು ಬಿಗಿದು, ಕಾಯಿಸುವುದು. ಹಸಿ ರಬ್ಬರಿನಲ್ಲಿ ಗಂಧಕ ಬೆರೆತಿರುತ್ತದೆ. ಹದವಾಗಿ ಬೆಂದರೆ ಹಳೆಯದು ಹೊಸದು ಒಂದಾಗುತ್ತವೆ. ಹದ ನೋಡುವುದಕ್ಕೆ ಮಾವನಿಗೆ ಗಡಿಯಾರ ಬೇಕಿರಲಿಲ್ಲ. ಹೆಬ್ಬೆರಳಿನ ಉಗುರನ್ನು ಒತ್ತಿ ತೆಗೆದರೆ ಗುರುತು ಮಾಯವಾಗಬೇಕು, ಅಷ್ಟೆ. ಅಭ್ಯಾಸಬಲದಿಂದ ಊಟಕ್ಕೆ ಕುಳಿತಾಗ ರಾಗಿಮುದ್ದೆಗೂ ಅದೇ ಪರೀಕ್ಷೆ! "ಇನ್ನೂ ಒಸಿ ಬೇಯ್ಬೇಕಿತ್ತು" ಎನ್ನುವರು. ನಮ್ಮತ್ತೆ ಮಾತು ಕಡಿಮೆಯ ಹೆಂಗಸು. ತಿರುಪು ಬಿಗಿಯೋದು ಮರೆತೆ ಅಂತ ಒಂದೇ ಒಂದು ಸಲ ಅಂದಿದ್ದರು. ಅಂದು ಮಾವ ಮುದ್ದೆ ಮುರಿಯದೆ ಅರ್ಧ ಗಳಿಗೆ ನಕ್ಕರು.

ಟ್ಯೂಬಿಗೆ ತೇಪೆ ಹಾಕುವವರು ಹುಣಸೂರಿನಲ್ಲಿ ಇನ್ನೂ ಇಬ್ಬರಿದ್ದರು. ಮಾವನ ಹೆಸರು ಮಡಿಕೇರಿಯವರೆಗೂ ಹೋಗಿದ್ದುದು ಟೈರಿನ ಅಂಚಿನ ಕೆಲಸಕ್ಕೆ. ಚಕ್ರದ ಕಬ್ಬಿಣವನ್ನು ಟೈರು ಅಪ್ಪಿಕೊಳ್ಳುವ ಒಳಅಂಚಿನಲ್ಲಿ ಉಕ್ಕಿನ ತಂತಿಯ ಸುತ್ತು ಇರುತ್ತದೆ. ಆ ತಂತಿಯ ಮೇಲೆ ಹಿತ್ತಾಳೆಯ ತೆಳು ಲೇಪ. ರಬ್ಬರು ಹಿಡಿಯುವುದು ಆ ಹಿತ್ತಾಳೆಯನ್ನೇ ಹೊರತು ಉಕ್ಕನ್ನಲ್ಲ. ತಂತಿ ಬಿಟ್ಟುಕೊಂಡಿತೋ, ಟೈರು ಕತ್ತರಿಸಿ ಚಪ್ಪಲಿ ಹೊಲಿಸುವುದೊಂದೇ ದಾರಿ ಎಂದು ಎಲ್ಲರೂ ಕೈಬಿಡುತ್ತಿದ್ದರು. ಹೊಸ ಟೈರು ಬೇಕೆಂದರೆ ಸಿಗದ ಕಾಲ ಅದು. ಮಾವ ಹಳೆ ಟೈರುಗಳಿಂದ ಬಿಡಿಸಿದ ತಂತಿಯನ್ನು ಆ ಜಾಗಕ್ಕೆ ಸೇರಿಸಿ ಬೇಯಿಸಿ, ಸತ್ತ ಟೈರನ್ನು ಎಬ್ಬಿಸಿ ರಸ್ತೆಗೆ ಕಳಿಸುತ್ತಿದ್ದರು. ಒಂದೇ ತೊಂದರೆ: ಕೆಲವು ಸಲ ರಬ್ಬರು ತಂತಿಯನ್ನು ಪ್ರಾಣ ಹೋದರೂ ಬಿಡದ ಹಾಗೆ ಹಿಡಿಯುತ್ತಿತ್ತು, ಕೆಲವು ಸಲ ಅಚ್ಚಿನಿಂದ ತೆಗೆದು ಇಕ್ಕಳದಲ್ಲಿ ಎಳೆದರೆ ಸುಮ್ಮನೆ ಕಳಚಿ ಬರುತ್ತಿತ್ತು. ಅದೇ ತಂತಿ, ಅದೇ ರಬ್ಬರು, ಅದೇ ಕೈ. ಹೀಗ್ಯಾಕೆ?

ಬೇರೆಯವರಾಗಿದ್ದರೆ ಹಣೆಬರಹ ಎಂದು ಸುಮ್ಮನಾಗುತ್ತಿದ್ದರು. ನಮ್ಮ ಮಾವ ಸುಮ್ಮನಾಗುವ ಜಾತಿಯೇ? ನನ್ನ ಶಾಲೆಯಿಂದ ಸೀಮೆಸುಣ್ಣ ತರಿಸಿಕೊಂಡು ಅಂಗಡಿಯ ಬಾಗಿಲ ಹಿಂದೆ ಬರೆಯತೊಡಗಿದರು. ಯಾವ ವಾರ, ಮೋಡವೋ ಬಿಸಿಲೋ, ಸೌದೆ ಹಸಿಯೋ ಒಣಗಿದ್ದೋ, ಬೆಳಿಗ್ಗೆ ತಿಂದದ್ದು ರೊಟ್ಟಿಯೋ ಉಪ್ಪಿಟ್ಟೋ, ಗಿರಾಕಿ ಬಂದಾಗ ಯಾವ ಕಾಲು ಮುಂದಿಟ್ಟ, ಎಲ್ಲವೂ! ರಬ್ಬರು ಹಿಡಿದರೆ ಪಕ್ಕದಲ್ಲೊಂದು ಗೀಟು, ಹಿಡಿಯದಿದ್ದರೆ ಸೊನ್ನೆ. ಮೂರು ತಿಂಗಳಲ್ಲಿ ಬಾಗಿಲು ತುಂಬಿ ಗೋಡೆಗೆ ಹಬ್ಬಿತು. ಒಂದು ದಿನ ನಾನು ಶಾಲೆಯಿಂದ ಬರುವಾಗ ಮಾವ ಗೋಡೆಯ ಮುಂದೆ ಕೈಮುಗಿದು ನಿಂತಿದ್ದರು. ಗೀಟುಗಳೆಲ್ಲ ಬಿದ್ದಿದ್ದುದು ಸೋಮವಾರ! ಮಂಗಳವಾರಕ್ಕೂ ಒಂದಷ್ಟು, ಬುಧವಾರಕ್ಕೆ ಅಲ್ಲೊಂದು ಇಲ್ಲೊಂದು. ಶುಕ್ರವಾರ ಶನಿವಾರ ಬರೀ ಸೊನ್ನೆ.

ಸೋಮವಾರ ಶಿವನ ವಾರ. ನಮ್ಮಂಥ ಮನೆಗಳಲ್ಲಿ ಇದಕ್ಕಿಂತ ಹೆಚ್ಚಿನ ವಿವರಣೆ ಯಾರಿಗೆ ಬೇಕು? ತಂತಿ ಕೂಡ ಆವತ್ತು ಕಳೆಕಳೆಯಾಗಿ ಕಾಣುತ್ತದೆ ಕಣವ್ವ, ಅದು ದೇವರ ಕಳೆ ಎಂದು ಮಾವ ನನಗೆ ಹೇಳಿದರು. ಟ್ರೈನಿಂಗ್‌ನಲ್ಲಿ ಪ್ರಕೃತಿ ವಿಜ್ಞಾನ ಓದಿ ಬಂದಿದ್ದ ನಾನೂ ಹೌದೆಂದು ತಲೆಯಾಡಿಸಿದೆ. ಪಕ್ಕದಲ್ಲಿ ಸೈಕಲ್ ಶಾಪು ಇಟ್ಟಿದ್ದ ಸಾಹೇಬರೊಬ್ಬರಿದ್ದರು, ಮಾವನ ಜೀವದ ಗೆಳೆಯರು. ಅವರು ಮಾತ್ರ ಒಪ್ಪಲಿಲ್ಲ.

"ಅಲ್ಲಾ ಸ್ವಾಮಿ, ರಬ್ಬರು ಬರೋದು ಮಲೆಯಾಳದಿಂದ, ತಂತಿ ಬರೋದು ಸಮುದ್ರದಾಚೆಯಿಂದ. ಎರಡಕ್ಕೂ ನಿಮ್ಮ ಸೋಮವಾರ ಯಾರು ಹೇಳ್ಕೊಟ್ರು? ಒಂದು ಶುಕ್ರವಾರನಾದ್ರೂ ನಮ್ಮ ಮುಖ ನೋಡಿ ಇಡೀಬಾರ್ದಾ?"

"ಬೇಯ್ಸಿ ನೋಡಾಯ್ತಲ್ಲ ಸಾಹೇಬ್ರೆ, ಇಡೀಲಿಲ್ವಲ್ಲ" ಎಂದರು ಮಾವ. ಸಾಹೇಬರು ಬೇಜಾರಿನಿಂದ ಒಂದು ಬೀಡಿ ಹಚ್ಚಿದರು.

ಅಲ್ಲಿಂದ ಮುಂದೆ ಅಂಚಿನ ಕೆಲಸ ಸೋಮವಾರ ಮಾತ್ರ. ಹುಣಸೂರಿಗೆ ಇದು ಹೇಗೆ ಹಿಡಿಸಿತೆಂದರೆ, ಭಾನುವಾರ ಸಂಜೆಯಿಂದಲೇ ನಮ್ಮ ಬಾಗಿಲಲ್ಲಿ ಟೈರುಗಳು ಒರಗಿಕೊಂಡು ಸರದಿ ಕಾಯುತ್ತಿದ್ದವು. ಹೊಗೆಸೊಪ್ಪಿನ ಲಾರಿಯವರು, ಎಚ್.ಡಿ. ಕೋಟೆಯ ಕಾಡಿನಿಂದ ಮರ ತರುವವರು, ಬಸ್ಸಿನ ಧಣಿಗಳು. ಕೆಲವರು ಟೈರಿಗೆ ವಿಭೂತಿ ಬೇರೆ ಹಚ್ಚಿ ತರುತ್ತಿದ್ದರು! ಮಾವ ಅದನ್ನು ಒರೆಸಿ, ಧೂಳು ಇದ್ದರೆ ಹಿಡಿಯಲ್ಲ ಎಂದು ಬೈದು, ತಮ್ಮ ಹಣೆಯ ವಿಭೂತಿಯನ್ನು ಸರಿಮಾಡಿಕೊಂಡು ಕೆಲಸಕ್ಕೆ ಕೂರುವರು. ಮಾಡಿದ ಕೆಲಸ ಒಂದೂ ಕೆಡುತ್ತಿರಲಿಲ್ಲ. ವರ್ಷದ ಮೇಲೆ ಒಂದು ವರ್ಷ ಹೀಗೇ ನಡೆಯಿತು.

ನಡೆಯುವುದನ್ನು ನಡೆಯಲು ಬಿಟ್ಟರೆ ಅವರು ನಮ್ಮ ಮಾವ ಹೇಗಾದಾರು? ಸೋಮವಾರದ ಶಕ್ತಿ ಟೈರಿನ ತಂತಿಗೆ ಮಾತ್ರವೋ ಅಥವಾ ಜಗತ್ತಿನ ಸಕಲ ಲೋಹಗಳಿಗೂ ಇದೆಯೋ ಎಂಬ ಪ್ರಶ್ನೆ ಅವರ ತಲೆ ಹೊಕ್ಕಿತು. ಸೌಟಿಗೆ ರಬ್ಬರು ಅಂಟಿಸಿದರು, ಹಿಡಿಯಲಿಲ್ಲ. ಬಾವಿಯ ರಾಟೆಗೆ ಅಂಟಿಸಿದರು, ಹಿಡಿಯಲಿಲ್ಲ. ಕೊನೆಗೊಂದು ಸೋಮವಾರ ಬೆಳಿಗ್ಗೆ, ಪೂಜೆಗೆಂದು ಅತ್ತೆ ತೊಳೆದು ಬೋರಲು ಹಾಕಿದ್ದ ಹಿತ್ತಾಳೆ ಚೊಂಬನ್ನು ಸದ್ದಿಲ್ಲದೆ ಎತ್ತಿಕೊಂಡು ಹೋಗಿ ಅದರ ಹೊಟ್ಟೆಗೆ ಒಂದು ಗೇಣುದ್ದ ಹಸಿ ರಬ್ಬರು ಕಟ್ಟಿ ಬೇಯಿಸಿಬಿಟ್ಟರು. ಹಿಡಿಯಿತು! ಎಂಥ ಹಿಡಿತ ಅಂತೀರಿ! ಇಕ್ಕಳ ಹಾಕಿ ಎಳೆದರೆ ರಬ್ಬರು ಹರಿಯಿತೇ ಹೊರತು ಚೊಂಬು ಬಿಡಲಿಲ್ಲ. ಮಾವ ಕುಣಿದಾಡುತ್ತಾ ಅಡುಗೆಮನೆಗೆ ಬಂದು ಅತ್ತೆಯ ಕೈಗೆ ಅದನ್ನು ಕೊಟ್ಟರು.

ಅದು ಅತ್ತೆಯ ತಾಯಿ ಮದುವೆಯಲ್ಲಿ ಕೊಟ್ಟಿದ್ದ ಚೊಂಬು. ತಾಯಿ ತೀರಿಹೋಗಿ ಆರು ವರ್ಷವಾಗಿತ್ತು. ಅತ್ತೆ ಚೊಂಬನ್ನು ಒಂದು ಸುತ್ತು ತಿರುಗಿಸಿ ನೋಡಿದರು, ಏನೂ ಅನ್ನಲಿಲ್ಲ. ಅಂದಿದ್ದರೆ ಚೆನ್ನಾಗಿತ್ತು. ಒಲೆಯ ಮೇಲಿದ್ದ ಹುರುಳಿ ಇಳಿಸಿ, ನಾಲ್ಕು ಸೀರೆ ಗಂಟು ಕಟ್ಟಿ, ಅದರೊಳಗೆ ಚೊಂಬನ್ನೂ ಇಟ್ಟುಕೊಂಡು, ತಂಗಿಗೆ ಬಾಣಂತನ ಮಾಡಬೇಕು ಮಿರ್ಲೆಗೆ ಹೋಗಿಬರುತ್ತೇನೆ ಎಂದು ನನಗೆ ಹೇಳಿ, ಕೆ.ಆರ್. ನಗರದ ಬಸ್ಸು ಹತ್ತಿದರು. ತಂಗಿಗೆ ಬಾಣಂತನ ಮುಗಿದು ಮಗು ತೆವಳುತ್ತಿತ್ತು ಎಂಬುದು ನನಗೂ ಗೊತ್ತು, ಮಾವನಿಗೂ ಗೊತ್ತು.

"ಎರಡು ದಿನದಲ್ಲಿ ಬತ್ತಾಳೆ ಬುಡು" ಎಂದರು ಮಾವ. ಬರಲಿಲ್ಲ. ಒಂದು ವಾರವಾಯಿತು, ಎರಡಾಯಿತು. ನೀವೇ ಹೋಗಿ ಕರೆದುಕೊಂಡು ಬನ್ನಿ ಎಂದರೆ, ವಿಜ್ಞಾನಕ್ಕೆ ಒಂದು ಚೊಂಬು ಕೊಟ್ಟರೆ ಏನಾಯ್ತು, ತಪ್ಪು ನಂದಲ್ಲ ಎಂದು ಮೀಸೆ ಸವರಿಕೊಳ್ಳುವರು. ನಮ್ಮ ಮಾವ ತಪ್ಪು ಒಪ್ಪಿಕೊಂಡದ್ದನ್ನು ನಮ್ಮ ಮನೆತನದಲ್ಲಿ ಯಾರೂ ನೋಡಿರಲಿಲ್ಲ. ಇಬ್ಬರಿಗೂ ನಾನೇ ಅಡುಗೆ ಮಾಡಿದೆ. ನನ್ನ ಮುದ್ದೆಯ ಮೇಲೆ ಮಾವ ಉಗುರೂ ಒತ್ತಲಿಲ್ಲ. ಒತ್ತಿದರೆ ಉಗುರು ವಾಪಸು ಬರುತ್ತಿತ್ತೋ ಇಲ್ಲವೋ.

ಅತ್ತೆ ಹೋದ ಮೇಲಿನ ಮೊದಲನೆಯ ಸೋಮವಾರ ಮಾವ ಒಂದು ಬಸ್ಸಿನ ಟೈರಿಗೆ ಅಂಚಿನ ಕೆಲಸ ಮಾಡಿ ಕೊಟ್ಟರು. ಸೋಮವಾರ ತಾನೇ, ಇಕ್ಕಳ ಹಾಕಿ ಎಳೆದು ನೋಡುವ ಗೋಜಿಗೂ ಹೋಗಿರಲಿಲ್ಲ. ಗುರುವಾರ ಬೆಳಿಗ್ಗೆ ಪಿರಿಯಾಪಟ್ಟಣದ ರಸ್ತೆಯಲ್ಲಿ ಆ ಟೈರು ಅಂಚು ಬಿಟ್ಟುಕೊಂಡಿತು. ಬಸ್ಸು ಕುಂಟಿ, ಚರಂಡಿಗೆ ಇಳಿದು, ಒಂದು ಹುಣಸೆಮರಕ್ಕೆ ಒರಗಿ ನಿಂತಿತು. ಡ್ರೈವರು ಗಟ್ಟಿಗ, ಯಾರಿಗೂ ಏನೂ ಆಗಲಿಲ್ಲ. ಬುಟ್ಟಿಯಿಂದ ತಪ್ಪಿಸಿಕೊಂಡ ಏಳು ಕೋಳಿಗಳಿಗಾಗಿ ಹೊಲವೆಲ್ಲ ಓಡಾಡಿದ್ದೇ ಪ್ರಯಾಣಿಕರಿಗೆ ಆದ ದೊಡ್ಡ ಆಯಾಸ. ಡ್ರೈವರು ನಮ್ಮ ಅಂಗಡಿಗೆ ಬಂದು ಇದನ್ನೆಲ್ಲ ನಗುನಗುತ್ತಲೇ ಹೇಳಿದ. ಹೊರಡುವಾಗ ಒಂದು ಮಾತು ಸೇರಿಸಿದ: ಬಸ್ಸಿನಲ್ಲಿ ಒಬ್ಬಳು ತುಂಬು ಬಸುರಿ ಇದ್ದಳು, ಹೆರಿಗೆಗೆ ತೌರಿಗೆ ಹೋಗುತ್ತಿದ್ದಳು.

ಮಾವ ಆ ಹೆಂಗಸಿನ ಊರು ಯಾವುದೆಂದು ಡ್ರೈವರನನ್ನು ಕೇಳಿದರು. ಮರುದಿನವೇ ಆ ಹೆಣ್ಣುಮಗಳ ಊರು ಹುಡುಕಿಕೊಂಡು ಹೋಗಿ, ಅವಳು ಚೆನ್ನಾಗಿದ್ದಾಳೆಂದು ಕಣ್ಣಾರೆ ನೋಡಿ ಬಂದರು. ಬಂದವರೇ ಬಸ್ಸಿನ ಧಣಿಯ ಹತ್ತಿರ ಹೋಗಿ, ತಂತಿ ಬಿಟ್ಟದ್ದು ರಸ್ತೆಯ ತಪ್ಪಲ್ಲ, ಡ್ರೈವರನ ತಪ್ಪಲ್ಲ, ನನ್ನ ಕೆಲಸದ್ದು ಎಂದು ನಾಲ್ಕು ಜನರ ಮುಂದೆ ಹೇಳಿದರು. ತಪ್ಪೇ ಒಪ್ಪದ ಮನುಷ್ಯ! ಯಾಕೆ ಬಿಟ್ಟಿತೆಂದು ತಿಳಿಯುವವರೆಗೆ ಇನ್ನು ತಂತಿ ಮುಟ್ಟುವುದಿಲ್ಲ ಎಂದರು. ಊರಿನವರು ಸಮಾಧಾನ ಹೇಳಿದರು, ಒಂದು ಸೋಮವಾರ ಕೈಕೊಟ್ಟರೆ ಏನಂತೆ ಎಂದರು. ಮಾವ ಕೇಳಲಿಲ್ಲ. ಅವರ ಚಪಲಗಳಿಗೆ ನಾನು ಎಷ್ಟು ಬೇಕಾದರೂ ನಗಬಲ್ಲೆ. ಆ ವಾರ ಅವರನ್ನು ಕಂಡು ನನಗೆ ಬಂದ ಗೌರವ ಇವತ್ತಿಗೂ ಕಡಿಮೆಯಾಗಿಲ್ಲ.

ಕೆಟ್ಟ ಟೈರನ್ನು ಮನೆಗೆ ತಂದು ಅಂಚನ್ನು ಸೀಳಿದರು. ತಂತಿ ಕರ್ರಗಿತ್ತು, ಅದರ ಮೇಲೆ ರಬ್ಬರಿನ ಒಂದು ಚೂರೂ ಇರಲಿಲ್ಲ, ಎಣ್ಣೆ ಸವರಿದ ಕೋಲನ್ನು ಮುದ್ದೆಯಿಂದ ಎಳೆದ ಹಾಗೆ ಬರಿದಾಗಿ ಬಂದಿತು. ಮುಂದಿನ ಸೋಮವಾರ ಮಾವ ಉಪವಾಸ ಮಾಡಿ, ಒದ್ದೆಬಟ್ಟೆಯಲ್ಲಿ ಲಿಂಗಪೂಜೆ ಮಾಡಿ, ಒಂದು ತುಂಡು ತಂತಿಗೆ ರಬ್ಬರು ಕಟ್ಟಿ ಬೇಯಿಸಿದರು. ಕಳಚಿ ಬಂತು. ಅದರ ಮುಂದಿನ ಸೋಮವಾರ, ತಂತಿ ಕಪ್ಪಗಿರುವುದೇ ಏನೋ ದೋಷ ಎಂದು ಮರಳುಕಾಗದ ಹಿಡಿದು ಬೆಳ್ಳಿಯ ಹಾಗೆ ಬೆಳ್ಳಗೆ ಹೊಳೆಯುವ ತನಕ ಉಜ್ಜಿ ಬೇಯಿಸಿದರು. ಅದು ಇನ್ನೂ ಬೇಗ ಕಳಚಿ ಬಂತು! ಉಜ್ಜುವ ಭರದಲ್ಲಿ ಹಿತ್ತಾಳೆಯ ಲೇಪವೇ ಹೋಗಿ ಬರೀ ಉಕ್ಕು ಉಳಿದಿತ್ತು. ಸಾಹೇಬರು ಬಂದು ಪಕ್ಕದಲ್ಲಿ ಕುಳಿತರು. ಶುಕ್ರವಾರದ ಮಾತು ಎತ್ತಲಿಲ್ಲ, ಬೀಡಿಯನ್ನೂ ಹಚ್ಚಲಿಲ್ಲ.

ಮರುದಿನ ನಾನು ಶಾಲೆಗೆ ಹೊರಟವಳು ತಂತಿಯ ಸುರುಳಿ ನೇತಾಡುತ್ತಿದ್ದ ಗೂಟದ ಮುಂದೆ ನಿಂತೆ. ಆ ಗೂಟ ಇದ್ದದ್ದು ನಡುಮನೆಯಲ್ಲಿ, ದೇವರ ಗೂಡಿನ ಪಕ್ಕ. ಅಲ್ಲಿ ತೇವ ತಾಗುವುದಿಲ್ಲವೆಂದು ಮಾವನೇ ಹೊಡೆದದ್ದು. ಸುರುಳಿ ಮಂಕಾಗಿ, ಒಲೆಯ ಹೊಗೆಯಿಂದ ಇನ್ನಷ್ಟು ಕಪ್ಪಾಗಿ ಕಾಣುತ್ತಿತ್ತು. ಇಷ್ಟು ಕಪ್ಪಗೆ ಅದನ್ನು ನಾನು ಯಾವ ಸೋಮವಾರವೂ ನೋಡಿರಲಿಲ್ಲ. ಯಾಕೆ ನೋಡಿರಲಿಲ್ಲ? ಏನೂ ಯೋಚಿಸದೆ ಬಾಯಿಗೆ ಬಂದದ್ದನ್ನು ಆಡಿದೆ.

"ಮಾವ, ಅತ್ತೆ ಊರಿಗೆ ಹೋದ ಮೇಲೆ ಈ ತಂತೀನ ಯಾರೂ ತೊಳೆದೇ ಇಲ್ಲ ಅಲ್ವಾ?"

ಮಾವ ಅಂಗಡಿಯಿಂದ ಎದ್ದು ಬಂದರು. "ತೊಳ್ಯೋದಾ? ತಂತೀನಾ?"

ಅದರಲ್ಲಿ ಗುಟ್ಟೇನೂ ಇರಲಿಲ್ಲ. ಪ್ರತಿ ಸೋಮವಾರ ಬೆಳಿಗ್ಗೆ, ಮಾವ ಸ್ನಾನಕ್ಕೆ ಹೋದಾಗ ಅತ್ತೆ ದೇವರ ಗೂಡಿನ ದೀಪ, ಗಂಟೆ, ಚೊಂಬು, ತಟ್ಟೆಗಳನ್ನೆಲ್ಲ ಹಿತ್ತಲಿಗೆ ಹೊತ್ತೊಯ್ಯುತ್ತಿದ್ದರು. ಜೊತೆಗೆ ಗೂಟದ ಮೇಲಿನ ತಂತಿಯನ್ನೂ. ನೆನೆಸಿದ ಹುಣಸೇಹಣ್ಣು, ಚಿಟಿಕೆ ಉಪ್ಪು, ತೆಂಗಿನ ನಾರು. ತಿಕ್ಕಿ, ಎರಡು ನೀರಿನಲ್ಲಿ ತೊಳೆದು, ಮಡಿಬಟ್ಟೆಯಿಂದ ಒರೆಸಿ, ಒಲೆಯ ಕಟ್ಟೆಯ ಮೇಲೆ ಒಣಗಿಸಿ, ಮಾವ ಪೂಜೆ ಮುಗಿಸಿ ಏಳುವುದರೊಳಗೆ ಮತ್ತೆ ಗೂಟಕ್ಕೆ ಸಿಕ್ಕಿಸುತ್ತಿದ್ದರು. ನಾನು ಅಲ್ಲೇ ಕುಳಿತು ಜಡೆ ಹೆಣೆದುಕೊಳ್ಳುತ್ತಾ ಅದನ್ನು ನೂರು ಸಲ ನೋಡಿದ್ದೆ. ಮಾವನೇ ಹೇಳಿ ಮಾಡಿಸುತ್ತಿದ್ದಾರೆ ಅಂದುಕೊಂಡಿದ್ದೆ! ತಮ್ಮ ಸಾಮಾನನ್ನು ಯಾರೂ ಮುಟ್ಟಕೂಡದು ಎಂಬುದು ಮಾವನ ಕಟ್ಟಪ್ಪಣೆಯಾದ್ದರಿಂದ ಅತ್ತೆ ಬಾಯಿಬಿಟ್ಟಿರಲಿಲ್ಲ.

ಇದರ ಒಳಗುಟ್ಟನ್ನು ನಾನು ತಿಳಿದದ್ದು ಎಷ್ಟೋ ವರ್ಷದ ಮೇಲೆ, ಹೈಸ್ಕೂಲಿನ ವಿಜ್ಞಾನದ ಮೇಷ್ಟರಿಂದ. ಗಾಳಿಯಲ್ಲಿರುವ ಆಮ್ಲಜನಕ ಹಿತ್ತಾಳೆಯ ಮೇಲೆ ಒಂದು ಪೊರೆ ಕಟ್ಟುತ್ತದೆ, ಅದೇ ಆಕ್ಸೈಡು. ಬಿಸಿಯಲ್ಲಿ ರಬ್ಬರಿನ ಗಂಧಕ ಹಿತ್ತಾಳೆಯೊಳಗಿನ ತಾಮ್ರವನ್ನು ಹುಡುಕಿಕೊಂಡು ಹೋಗಿ ಹಿಡಿಯುತ್ತದೆ. ಪೊರೆ ದಪ್ಪವಾಗಿ ಅಡ್ಡ ನಿಂತರೆ ಎರಡಕ್ಕೂ ಭೇಟಿಯೇ ಆಗುವುದಿಲ್ಲ. ಹುಳಿ ಆ ಪೊರೆಯನ್ನು ಕರಗಿಸುತ್ತದೆ, ಹಿತ್ತಾಳೆಯನ್ನು ಉಳಿಸುತ್ತದೆ. ತೊಳೆದ ದಿನ ಚೆನ್ನ, ದಿನ ಕಳೆದಂತೆ ಗಾಳಿ ಮತ್ತೆ ತನ್ನ ಕೆಲಸ ಮಾಡಿ ಶನಿವಾರದ ಹೊತ್ತಿಗೆ ಮೊದಲಿನ ಹಾಗೇ. ಆಮ್ಲಜನಕದ ಹೆಸರು ಮಾವನಿಗೆ ಗೊತ್ತಿರಲಿಲ್ಲ. ಆದರೆ ನನ್ನ ಮಾತು ಮುಗಿಯುವುದರೊಳಗೆ ಅವರು "ಕಿಲುಬು" ಎಂದರು. ನಡುಮನೆಯಲ್ಲೇ ಕುಕ್ಕರಿಸಿಬಿಟ್ಟು ಮತ್ತೊಮ್ಮೆ, "ಕಿಲುಬು ಕಣವ್ವ" ಎಂದರು. ಮುಂದೆ ಯಾರ ಮನೆಯ ಚೊಂಬಿನ ಬುಡ ಕೆರೆದರೂ ಅವರು ಹುಡುಕುತ್ತಿದ್ದುದು ಇದನ್ನೇ.

ನಾನು ಅವತ್ತು ಶಾಲೆಗೆ ರಜ ಹಾಕಿದೆ. ಮಾವ ಹಿತ್ತಲಿನಲ್ಲಿ ಕುಳಿತು ತಾವೇ ಹುಣಸೇಹಣ್ಣು ಹಾಕಿ ಒಂದು ತುಂಡು ತಂತಿ ತಿಕ್ಕಿದರು. ಬೇಯಿಸಿ ಎಳೆದರೆ ಅರ್ಧ ಹಿಡಿದಿತ್ತು, ಅರ್ಧ ಬಿಟ್ಟಿತ್ತು. ನಾನು ತಿಕ್ಕಿದ್ದೂ ಅಷ್ಟೇ. ಒಂದು ಕಡೆ ಕಿಲುಬು ಉಳಿದಿತ್ತು, ಇನ್ನೊಂದು ಕಡೆ ಲೇಪವೇ ಎದ್ದಿತ್ತು, ಮಾವ ಹಿಡಿದ ಕಡೆ ಗ್ರೀಸಿನ ಬೆರಳು ಮೂಡಿತ್ತು. ಅತ್ತೆಯ ಕೈಗೆ ಗೊತ್ತಿದ್ದ ಹದ ನಮ್ಮ ನಾಲ್ಕು ಕೈಗಳಲ್ಲಿ ಒಂದಕ್ಕೂ ಗೊತ್ತಿರಲಿಲ್ಲ. ಮಾವ ಕೈ ತೊಳೆದು, ಆ ತುಂಡುಗಳನ್ನು ಹೆಗಲ ಮೇಲಿನ ವಲ್ಲಿಯಲ್ಲಿ ಕಟ್ಟಿಕೊಂಡು, "ನಡಿಯವ್ವ ಮಿರ್ಲೆಗೆ" ಎಂದರು.

ನಿಜ ಹೇಳುತ್ತೇನೆ, ಆ ಪ್ರಯಾಣದಲ್ಲಿ ನನಗೆ ಭಯವಾಗಿತ್ತು. ಅತ್ತೆ ಬರುವುದಿಲ್ಲ ಎಂದರೆ? ಅದಕ್ಕಿಂತ ಹೆಚ್ಚಾಗಿ, ಮಾವ ಅಲ್ಲಿ ಹೋಗಿ ವಿಜ್ಞಾನ, ಚೊಂಬು ಎಂದು ಶುರುಮಾಡಿದರೆ? ಸೋತು ಬಂದಿದ್ದೇನೆ ಎಂದು ಹೆಂಡತಿಗೆ ಹೇಳುವ ನಾಲಿಗೆ ಆ ಕಾಲದ ಗಂಡಸರಿಗೆ ಎಲ್ಲಿತ್ತು? ಕೆ.ಆರ್. ನಗರದಲ್ಲಿ ಬಸ್ಸು ಬದಲಾಯಿಸುವಾಗ ಮಾವ ಎದ್ದು ಹೋಗಿ ಒಂದು ಸೇರು ಮೈಸೂರು ಮಲ್ಲಿಗೆ ತಂದರು. ಮೊಳ ಅಲ್ಲ, ಸೇರು! ಕಟ್ಟಿಸಬೇಕು ಎಂಬುದು ಅವರಿಗೆ ಹೊಳೆದಿರಲಿಲ್ಲ. ಮಿರ್ಲೆಯವರೆಗೂ ಬಿಡಿಹೂವಿನ ಪೊಟ್ಟಣವನ್ನು ನನ್ನ ತೊಡೆಯ ಮೇಲಿಟ್ಟು, ಹುಷಾರು ಎಂದು ಹೇಳುತ್ತಲೇ ಬಂದರು.

ಅತ್ತೆಯ ತಂದೆ ಜಗಲಿಯ ಮೇಲೆ ಭತ್ತದ ಬೀಜ ಆರಿಸುತ್ತಿದ್ದರು. ಅಳಿಯನನ್ನು ಕಂಡು ಎದ್ದು, ಬನ್ನಿ ಎಂದು ಕರೆದು, ನೀರು ಕೊಡಿ ಎಂದು ಒಳಗೆ ಕೂಗಿ, ಮತ್ತೆ ಬೀಜ ಆರಿಸಲು ಕುಳಿತರು. ಮರ್ಯಾದೆಗೆ ಕೊರತೆಯಿಲ್ಲ, ಮಾತೂ ಇಲ್ಲ. ಅತ್ತೆಯೇ ನೀರು ತಂದರು. ನನ್ನ ತಲೆ ಸವರಿ, ಬಡವಾಗಿದ್ದೀಯ, ಅಡುಗೆ ನೀನೇ ಮಾಡ್ತಿದ್ದೀಯ ಎಂದು ಕೇಳಿದರು. ಮಾವನ ಕಡೆ ನೋಡದೆ ಕಂಬದ ಪಕ್ಕ ನಿಂತರು.

ಮಾವ ನೀರು ಕುಡಿಯಲಿಲ್ಲ. ವಲ್ಲಿ ಬಿಚ್ಚಿ ತಂತಿಯ ತುಂಡುಗಳನ್ನು ಜಗಲಿಯ ಮೇಲೆ ಸಾಲಾಗಿ ಇಟ್ಟರು. ಇದು ತೊಳೆಯದ್ದು, ಇದು ಮರಳುಕಾಗದದ್ದು, ಇದು ನಾನು ತಿಕ್ಕಿದ್ದು, ಇದು ನಿನ್ನ ಸೊಸೆ ತಿಕ್ಕಿದ್ದು ಎಂದು ಒಂದೊಂದಾಗಿ ತೋರಿಸಿದರು. ಪಿರಿಯಾಪಟ್ಟಣದ ರಸ್ತೆಯಲ್ಲಿ ಆದದ್ದನ್ನು ಹೇಳಿದರು. ಬಸುರಿ ಹೆಂಗಸಿನ ವಿಷಯವನ್ನೂ ಮುಚ್ಚಿಡಲಿಲ್ಲ. ಬೀಜ ಆರಿಸುತ್ತಿದ್ದ ಮುದುಕರ ಕೈ ನಿಂತಿತ್ತು. ಮಾವ ಹೆಂಡತಿಯ ಕಡೆ ತಿರುಗಿ ಹೇಳಿದರು:

"ಎರಡು ವರ್ಷದಿಂದ ಟೈರು ಗಟ್ಟಿ ನಿಂತಿದ್ದು ಸೋಮವಾರದಿಂದಲ್ಲ ಕಣೆ, ನನ್ನಿಂದಲೂ ಅಲ್ಲ. ಕೆಲ್ಸ ನಿಂದು, ಎಸ್ರು ನಾನು ತಕಂಡಿದ್ದೆ. ಆ ಚೊಂಬಿನ ಇಚಾರ್ದಾಗೂ ತಪ್ಪು ನಂದೆ. ನೀ ಬಂದ್ರೆ ಅಂಗ್ಡಿ ತೆಗೀತೀನಿ. ಇಲ್ದಿದ್ರೆ ಬ್ಯಾಡ."

ಅತ್ತೆ ಕುಳಿತು, ಒಂದೊಂದೇ ತುಂಡನ್ನು ಎತ್ತಿ ನೋಡಿದರು. ನನ್ನದನ್ನು ನೋಡಿ, ಇಷ್ಟು ಒತ್ತಬಾರದು ಎಂದು ಮೆಲ್ಲಗೆ ಅಂದರು. ಸೋಮವಾರ ದೇವರ ಪಕ್ಕ ಕಿಲುಬು ಕಟ್ಟಿದ್ದು ನೇತಾಡಬಾರದು ಅಂತ ತೊಳೆಯುತ್ತಿದ್ದೆ, ನನಗೆ ಬೇರೇನೂ ಗೊತ್ತಿರಲಿಲ್ಲ ಎಂದರು.

ಒಂದು ಮಾತು ನಾನು ಇಷ್ಟು ಹೊತ್ತೂ ಹೇಳಿಲ್ಲ. ಆ ಮನೆಯಲ್ಲಿ ಯಾರೂ ಅದನ್ನು ಆಡುತ್ತಿರಲಿಲ್ಲವಾದ್ದರಿಂದ ನನಗೂ ಬರೆಯಲು ಕೈ ಬರಲಿಲ್ಲ. ಮಾವ ಅತ್ತೆಗೆ ಮಕ್ಕಳಾಗಿರಲಿಲ್ಲ. ಎರಡು ಸಲ ಆಸೆ ಹುಟ್ಟಿ, ಎರಡು ಸಲವೂ ಕೈಗೆ ಬಾರದೆ ಹೋಗಿತ್ತು. ಹದಿನೆಂಟು ವರ್ಷದ ಸಂಸಾರದಲ್ಲಿ ಊರಿನ ಹೆಂಗಸರ ಬಾಯಿಂದ ಅತ್ತೆ ಏನೇನು ಕೇಳಿದ್ದರೋ, ನನಗೆ ಗೊತ್ತಿದ್ದುದು ಅರ್ಧ ಮಾತ್ರ.

ಅತ್ತೆ ತಂತಿಯನ್ನು ಕೆಳಗಿಟ್ಟು ಗಂಡನನ್ನು ಕೇಳಿದರು: "ಆ ಬಸ್ಗಳಲ್ಲಿ ಮಕ್ಳೂ ಕೂತಿರ್ತಿದ್ವಾ?"

ಯಾವ ಮಾತಿಗಾದರೂ ಒಂದಕ್ಕೆ ಹತ್ತು ಸೇರಿಸಿ ಹೇಳುವ ನಮ್ಮ ಮಾವ ಆ ಹೊತ್ತು ಏನನ್ನೂ ಸೇರಿಸಲಿಲ್ಲ.

"ದಿನಾ ಕೂತಿರ್ತಿದ್ವು ಕಣೆ" ಎಂದರು.

ಅತ್ತೆ ತಮ್ಮ ಎರಡೂ ಕೈಗಳನ್ನು ಮಡಿಲಲ್ಲಿ ಇಟ್ಟುಕೊಂಡು, ಹುಳಿ ತಿಂದು ಬಿರಿದಿದ್ದ ಆ ಬೆರಳುಗಳನ್ನು ಮೊದಲ ಸಲ ನೋಡುವವರ ಹಾಗೆ ನೋಡುತ್ತಾ ಕುಳಿತರು.